ಪುಕ್ಕಟೆ ಆ್ಯಪ್‌ಗೆ ನೀವು ಎಷ್ಟು ಕೊಡುತ್ತಿದ್ದೀರಿ? ಒಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿ

"ಕಳೆ ಹೊಡೆಯುವ ಮಿಷನ್‌ಗೆ ಎಷ್ಟು ಅಂತ ಒಂದೇ ಒಂದು ಸಲ ನೋಡಿದ್ದು ಮಾರಾಯ್ರೆ. ಹದಿನೈದು ದಿನ ಆಯ್ತು, ಯಾವುದನ್ನು ತೆರೆದರೂ ಅದೇ ಮಿಷನ್ ಬಂದು ನಿಲ್ತದೆ. ಈ ಫೋನು ನಮ್ಮ ಮಾತು ಕೇಳಿಸ್ಕೊಳ್ತದಾ?"

ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್, ಫೋನು ಸರಿಮಾಡುತ್ತಾ ಮನೆಮನೆ ತಿರುಗುವ ನನಗೆ ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಸಿಗುತ್ತದೆ. ಮೂಡಿಗೆರೆ ಕಡೆಯ ತೋಟದವರು ಕೇಳುತ್ತಾರೆ, ಕಾಲೇಜು ಹುಡುಗರು ಕೇಳುತ್ತಾರೆ, ಹೋಮ್‌ಸ್ಟೇ ನಡೆಸುವವರು ಕೇಳುತ್ತಾರೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ದುಡ್ಡು ಕೊಟ್ಟರೆ ಈ ಕಾಟ ತಪ್ಪುತ್ತಾ?" ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಯಿತು. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇದನ್ನೆಲ್ಲ ಮಾಡಿದರೂ ನೀವು ಯಾರ ಕಣ್ಣಿಗೂ ಬೀಳದಂತೆ ಮಾಯ ಆಗುವುದಿಲ್ಲ. ಯಾರಿಗೆ ಮಾಹಿತಿ ಕೊಡಬೇಕು, ಯಾರಿಗೆ ದುಡ್ಡು ಕೊಡಬೇಕು, ಯಾರಿಗೆ ಎರಡೂ ಬೇಡ ಎಂಬುದನ್ನು ನೀವೇ ತೀರ್ಮಾನ ಮಾಡುವಂತೆ ಆಗುತ್ತದೆ. ಈಗ ಅದನ್ನು ಬೇರೆಯವರು ಮಾಡುತ್ತಿದ್ದಾರೆ, ಅಷ್ಟೇ.

ಈ ವ್ಯಾಪಾರ ನಡೆಯುವುದು ಹೇಗೆ

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುತ್ತೇವಲ್ಲ, ಫೋನಿನಲ್ಲಿ ನಾವು ಮಾಡಿರುವುದು ಅದನ್ನೇ. ಆ್ಯಪ್ ಪುಕ್ಕಟೆ, ಇಮೇಲ್ ಪುಕ್ಕಟೆ, ವಿಡಿಯೊ ಪುಕ್ಕಟೆ. ಆದರೆ ಅದನ್ನು ನಡೆಸುವವರಿಗೆ ಕರೆಂಟು, ಕಂಪ್ಯೂಟರು, ಸಂಬಳ ಯಾವುದೂ ಪುಕ್ಕಟೆ ಅಲ್ಲ. ಆ ಖರ್ಚಿಗೆ ದುಡ್ಡು ಹುಟ್ಟುವುದು ಜಾಹೀರಾತಿನಿಂದ.

ಜಾಹೀರಾತಿಗೆ ಬೆಲೆ ಬರುವುದು ಸರಿಯಾದ ಮನುಷ್ಯನ ಕಣ್ಣಿಗೆ ಬಿದ್ದಾಗ. ಕಳೆ ಮಿಷನ್ ಮಾರುವವನು ಬೆಂಗಳೂರಿನ ಫ್ಲ್ಯಾಟಿನವರಿಗೆ ಅದನ್ನು ತೋರಿಸಿ ಏನು ಮಾಡುತ್ತಾನೆ? ಅವನಿಗೆ ಎಂಟೆಕರೆ ರೋಬಸ್ಟಾ ಕಾಫಿ ಇರುವ, ಆಳು ಸಿಗದೆ ತಲೆಬಿಸಿ ಮಾಡಿಕೊಂಡಿರುವ ನೀವೇ ಬೇಕು. ನೀವು ಅಂಥವರು ಅಂತ ಗೊತ್ತಾಗಬೇಕಾದರೆ ನಿಮ್ಮ ಬಗ್ಗೆ ತಿಳಿದಿರಬೇಕು. ನಿಮ್ಮ ಮಾಹಿತಿಗೆ ಬೆಲೆ ಬಂದಿರುವುದು ಇದರಿಂದ.

ಎಷ್ಟು ಬೆಲೆ? ಫೇಸ್‌ಬುಕ್ ಕಂಪನಿಯೇ ಒಂದು ಕಾಲದಲ್ಲಿ ಈ ಲೆಕ್ಕ ಪ್ರಕಟಿಸುತ್ತಿತ್ತು. 2023ರ ಕೊನೆಯ ಮೂರು ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾದ ಒಬ್ಬ ಬಳಕೆದಾರನಿಂದ ಅದಕ್ಕೆ ಬಂದ ಸರಾಸರಿ ಆದಾಯ ಸುಮಾರು 68 ಡಾಲರ್. ನಾವಿರುವ ಏಷ್ಯಾ-ಪೆಸಿಫಿಕ್ ಭಾಗದಲ್ಲಿ ಸುಮಾರು ಐದೂವರೆ ಡಾಲರ್. ಆಗಿನ ಲೆಕ್ಕದಲ್ಲಿ ತಲೆಗೆ ತಿಂಗಳಿಗೆ ನೂರೈವತ್ತು ರೂಪಾಯಿ ಆಯಿತು. ಇದು ಇಡೀ ಭಾಗದ ಸರಾಸರಿ, ನಿಮ್ಮೊಬ್ಬರ ಲೆಕ್ಕ ಅಲ್ಲ. ಆದರೂ ಈ ನೂರೈವತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ಪದ ಗೊತ್ತಿದ್ದರೆ ಮುಂದಿನದು ಸುಲಭ.

ಕುಕಿ: ನೀವು ಒಂದು ವೆಬ್‌ಸೈಟ್ ತೆರೆದಾಗ ಅದು ನಿಮ್ಮ ಬ್ರೌಸರ್‌ನಲ್ಲಿ (ಕ್ರೋಮ್ ಥರ ವೆಬ್‌ಸೈಟ್ ನೋಡುವ ಆ್ಯಪ್) ಬಿಟ್ಟುಹೋಗುವ ಸಣ್ಣ ಚೀಟಿ. ಮತ್ತೆ ಹೋದಾಗ ಆ ಚೀಟಿ ನೋಡಿ "ಓ, ಇವರೇ" ಅಂತ ಗುರುತು ಹಿಡಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ಕಂಡುಹಿಡಿದರು. ಆನ್‌ಲೈನ್ ಅಂಗಡಿಯ ಬುಟ್ಟಿಯಲ್ಲಿ ಏನೇನು ಹಾಕಿದ್ದೀರಿ ಎಂಬುದು ನೆನಪಿರಲಿ ಎಂಬಂಥ ಸಾಧಾರಣ ಕೆಲಸಕ್ಕೆ ಬಂದದ್ದು. ತೊಂದರೆ ಶುರುವಾದದ್ದು ಆಮೇಲೆ. ಒಂದೇ ಜಾಹೀರಾತು ಕಂಪನಿ ಸಾವಿರಾರು ವೆಬ್‌ಸೈಟ್‌ಗಳಲ್ಲಿ ಕೂತು, ಎಲ್ಲ ಕಡೆಯೂ ಅದೇ ಚೀಟಿ ಓದತೊಡಗಿತು. ಇದಕ್ಕೆ ಥರ್ಡ್ ಪಾರ್ಟಿ ಕುಕಿ ಅನ್ನುತ್ತಾರೆ.

ಅಡ್ವರ್ಟೈಸಿಂಗ್ ಐಡಿ: ಬ್ರೌಸರ್‌ಗೆ ಕುಕಿ ಇದ್ದಂತೆ ಆ್ಯಪ್‌ಗಳಿಗೆ ಇದು. ನಿಮ್ಮ ಫೋನಿಗೆ ಕೊಟ್ಟಿರುವ ಉದ್ದದ ಒಂದು ಗುರುತು ಸಂಖ್ಯೆ. ಬೇರೆ ಬೇರೆ ಆ್ಯಪ್‌ಗಳು ಕಂಡದ್ದನ್ನು ಒಬ್ಬನದೇ ಅಂತ ಜೋಡಿಸಲು ಇದು ಸಾಕು.

ಪರ್ಮಿಷನ್: ಆ್ಯಪ್‌ಗೆ ನೀವು ಕೊಟ್ಟ ಅನುಮತಿ. ಲೊಕೇಶನ್, ಮೈಕ್, ಫೋಟೊ, ಹೆಸರು-ನಂಬರುಗಳ ಪಟ್ಟಿ, ಹೀಗೆ.

ಇನ್ನು ಮಾತು ಕೇಳಿಸಿಕೊಳ್ಳುವ ವಿಷಯ. ಮಿಷನ್ ಜಾಹೀರಾತು ತೋರಿಸಲು ಯಾರೂ ಕದ್ದು ಕೇಳಬೇಕಾದ್ದೇ ಇಲ್ಲ. ನೀವು ಹುಡುಕಿದ್ದೀರಿ, ವಿಡಿಯೊ ನೋಡಿದ್ದೀರಿ, ಅಂಗಡಿಗೆ ಹೋದಾಗ ಲೊಕೇಶನ್ ಆನ್ ಇತ್ತು. ಇನ್ನೊಂದು ದಾರಿ ತುಂಬ ಜನರಿಗೆ ಗೊತ್ತಿಲ್ಲ. ಅಂಗಡಿಯಲ್ಲಿ ಬಿಲ್ ಮಾಡುವಾಗ ನಂಬರ್ ಹೇಳಿದಿರಿ. ಅಂಥ ನಂಬರುಗಳ ಪಟ್ಟಿಯನ್ನು ವ್ಯಾಪಾರಿ ಫೇಸ್‌ಬುಕ್‌ಗೋ ಗೂಗಲ್‌ಗೋ ಅಪ್‌ಲೋಡ್ ಮಾಡಿ "ಇವರಿಗೇ ನನ್ನ ಜಾಹೀರಾತು ತೋರಿಸಿ" ಅನ್ನಬಹುದು. ಅದಕ್ಕೆ ಅಲ್ಲೇ ಸಿದ್ಧ ವ್ಯವಸ್ಥೆ ಇದೆ. ಇಷ್ಟೆಲ್ಲ ಇರುವಾಗ ನಮ್ಮ ಮನೆ ಜಗಳ ಕೇಳಿಸಿಕೊಂಡು ಯಾರಿಗೆ ಏನು ಆಗಬೇಕು?

ಏನೇನು ಬೇಕು

ಎರಡು ಗಂಟೆ ಬಿಡುವು. ಚಾರ್ಜ್ ಆಗಿರುವ ಫೋನು. ನಿಮ್ಮ ಗೂಗಲ್ ಖಾತೆಯ ಪಾಸ್‌ವರ್ಡ್ (ಇದನ್ನು ಹುಡುಕುವುದರಲ್ಲೇ ಒಂದು ಗಂಟೆ ಹೋಗುತ್ತದೆ, ನನ್ನ ಅನುಭವ). ಒಂದು ನೋಟ್‌ಬುಕ್, ಪೆನ್ನು. ಕೊಯ್ಲಿನ ದಿನಗಳಲ್ಲಿ ಬೇಡ, ಜುಲೈ ಮಳೆಯಲ್ಲಿ ಹೊರಗೆ ಕಾಲಿಡಲು ಆಗದ ದಿನ ಒಳ್ಳೆಯದು, ಕರೆಂಟ್ ಇದ್ದರೆ.

ಅಪ್ಪ ಅಮ್ಮನ ಫೋನನ್ನು ಸರಿಮಾಡುವುದಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಅವರಿಗೆ ಹೇಳದೆ ಅವರ ಖಾಸಗಿತನ ಕಾಪಾಡಲು ಹೋಗುವುದು ವಿಚಿತ್ರ, ಅಲ್ವಾ?

ಮೆನುಗಳ ಹೆಸರು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ. ನಾನು ಹೇಳಿದ ಜಾಗದಲ್ಲಿ ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಪೆಟ್ಟಿಗೆಯಲ್ಲಿ ಆ ಹೆಸರು ಟೈಪ್ ಮಾಡಿ.

1. ಬೇಡದ ಆ್ಯಪ್ ತೆಗೆಯಿರಿ

ಆ್ಯಪ್‌ಗಳ ಪಟ್ಟಿ ತೆರೆಯಿರಿ. ಒಂದೊಂದನ್ನೂ ನೋಡಿ ಕೇಳಿಕೊಳ್ಳಿ: ಕಳೆದ ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಆದಮೇಲೆ ಇದನ್ನು ಒಮ್ಮೆಯಾದರೂ ತೆರೆದಿದ್ದೇನಾ? ಇಲ್ಲ ಅಂದರೆ ತೆಗೆಯಿರಿ. ಟಾರ್ಚ್ ಆ್ಯಪ್, ವಾಲ್‌ಪೇಪರ್ ಆ್ಯಪ್, ಫೋನ್ ಕ್ಲೀನ್ ಮಾಡುವ ಆ್ಯಪ್‌ಗಳನ್ನು ಯೋಚನೆಯೇ ಮಾಡದೆ ತೆಗೆಯಬಹುದು. ಟಾರ್ಚ್ ಫೋನಿನಲ್ಲೇ ಇದೆ.

ಎಡವುವ ಜಾಗ ಇಲ್ಲೊಂದಿದೆ. ಆ್ಯಪ್ ತೆಗೆದರೆ ಅವರ ಹತ್ತಿರ ಇರುವ ನಿಮ್ಮ ಮಾಹಿತಿ ಹೋಗುವುದಿಲ್ಲ. ಹೆಸರು, ನಂಬರ್ ಕೊಟ್ಟು ಖಾತೆ ತೆರೆದಿದ್ದರೆ ಮೊದಲು ಆ್ಯಪ್‌ನ ಒಳಗೆ ಹೋಗಿ "ಡಿಲೀಟ್ ಅಕೌಂಟ್" ಒತ್ತಿ, ಆಮೇಲೆ ಆ್ಯಪ್ ತೆಗೆಯಿರಿ. ಖಾತೆ ತೆರೆಯಲು ಬಿಡುವ ಆ್ಯಪ್ ಅದನ್ನು ಅಳಿಸಲೂ ದಾರಿ ಇಡಬೇಕೆಂದು ಪ್ಲೇ ಸ್ಟೋರ್‌ನ ನಿಯಮವೇ ಇದೆ.

ಸಾಲದ ಆ್ಯಪ್ ಇದ್ದರೆ ಸ್ವಲ್ಪ ನಿಲ್ಲಿ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೋಟೊ-ಫೈಲು, ಕರೆಗಳ ಪಟ್ಟಿ ಮುಟ್ಟುವಂತಿಲ್ಲ. ಗುರುತಿನ ಪರಿಶೀಲನೆಗೆ ಒಂದು ಸಲ ಕ್ಯಾಮೆರಾ, ಲೊಕೇಶನ್ ಕೇಳಬಹುದು, ಅದೂ ನೀವು ಒಪ್ಪಿದರೆ. ಯಾವುದಾದರೂ ಆ್ಯಪ್ "ಕಾಂಟ್ಯಾಕ್ಟ್ಸ್ ಕೊಡದಿದ್ದರೆ ಸಾಲ ಇಲ್ಲ" ಅಂದರೆ ಅಲ್ಲಿಂದ ಎದ್ದು ಬನ್ನಿ. ಕಂತು ತಪ್ಪಿದ ದಿನ ನಿಮ್ಮ ನೆಂಟರಿಗೆಲ್ಲ ಫೋನ್ ಹೋಗುವುದು ಆ ಪಟ್ಟಿಯಿಂದಲೇ.

2. ಉಳಿದವುಗಳ ಪರ್ಮಿಷನ್ ನೋಡಿ

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪ್ರೈವೆಸಿ, ಅದರೊಳಗೆ ಪರ್ಮಿಷನ್ ಮ್ಯಾನೇಜರ್. ಇಲ್ಲಿ ಆ್ಯಪ್ ಪ್ರಕಾರ ಅಲ್ಲ, ಅನುಮತಿ ಪ್ರಕಾರ ಪಟ್ಟಿ ಸಿಗುತ್ತದೆ. ಅದೇ ಅನುಕೂಲ. ಲೊಕೇಶನ್ ಒತ್ತಿದರೆ ಯಾರ್ಯಾರಿಗೆ ನಿಮ್ಮ ಜಾಗ ಗೊತ್ತಿದೆ ಎಂಬುದು ಸಾಲಾಗಿ ಕಾಣುತ್ತದೆ. ಹೆಚ್ಚಿನವರು ಇದನ್ನು ಮೊದಲ ಸಲ ನೋಡಿದಾಗ "ಅಯ್ಯೋ, ಇದಕ್ಯಾಕೆ ಇದು?" ಅನ್ನುತ್ತಾರೆ.

ಲೊಕೇಶನ್: "ಯಾವಾಗಲೂ" ಅಂತ ಇರುವುದನ್ನೆಲ್ಲ "ಆ್ಯಪ್ ಬಳಸುವಾಗ ಮಾತ್ರ" ಅಂತ ಬದಲಿಸಿ. ಮ್ಯಾಪ್‌ಗೆ ನಿಖರವಾದ ಜಾಗ ಬೇಕು. ಹವಾಮಾನದ ಆ್ಯಪ್‌ಗೆ ಬೇಡ, ಅಂದಾಜು ಜಾಗ ಸಾಕು. ಆಂಡ್ರಾಯ್ಡ್ 12ರಿಂದ ಈಚೆಗೆ "ಪ್ರಿಸೈಸ್ ಲೊಕೇಶನ್" ಅನ್ನುವ ಸ್ವಿಚ್ ಬೇರೆಯೇ ಇದೆ. ಆಫ್ ಮಾಡಿದರೆ ಸುಮಾರು ಮೂರು ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಎಲ್ಲೋ ಇದ್ದೀರಿ ಎಂದಷ್ಟೇ ಆ್ಯಪ್‌ಗೆ ತಿಳಿಯುತ್ತದೆ. ನಮ್ಮ ಕಡೆ ಈ ಗುಡ್ಡದಲ್ಲಿ ಮಳೆ, ಪಕ್ಕದ ಗುಡ್ಡದಲ್ಲಿ ಬಿಸಿಲು. ನಿಖರ ಜಾಗ ಕೊಟ್ಟರೂ ಆ್ಯಪ್ ಹೇಳುವ ಮಳೆ ಬೀಳುವುದು ಅಷ್ಟರಲ್ಲೇ ಇದೆ.

ಕಾಂಟ್ಯಾಕ್ಟ್ಸ್: ನಾನು ಅತಿ ಗಟ್ಟಿಯಾಗಿ ಹೇಳುವುದು ಇದರ ಬಗ್ಗೆ. ಉಳಿದ ಅನುಮತಿಯಲ್ಲಿ ಹೆಚ್ಚಾಗಿ ನಿಮ್ಮ ಮಾಹಿತಿ ಹೋಗುತ್ತದೆ. ಇದರಲ್ಲಿ ಊರವರದ್ದೆಲ್ಲ ಹೋಗುತ್ತದೆ. ನೀವು "ಡಾಕ್ಟರ್ ಶುಗರ್", "ಚಿನ್ನದ ಅಡವು", "ಸುಮಾ ಅತ್ತೆ ಮಗಳು ಬೆಂಗಳೂರು" ಅಂತ ಉಳಿಸಿಕೊಂಡ ಹೆಸರುಗಳೂ ಹೋಗುತ್ತವೆ. ಅವರ್ಯಾರೂ ಒಪ್ಪಿಗೆ ಕೊಟ್ಟಿಲ್ಲ. ಕರೆ ಮಾಡುವ, ಮೆಸೇಜ್ ಕಳಿಸುವ ಆ್ಯಪ್‌ಗಳನ್ನು ಬಿಟ್ಟು ಉಳಿದ ಎಲ್ಲವಕ್ಕೂ ತೆಗೆದುಬಿಡಿ. ಆಟದ ಆ್ಯಪ್‌ಗೆ, ಫೋಟೊ ಚಂದ ಮಾಡುವ ಆ್ಯಪ್‌ಗೆ ನಿಮ್ಮ ನೆಂಟರ ನಂಬರ್ ಯಾಕೆ?

ಎಸ್‌ಎಂಎಸ್: ಓಟಿಪಿ ಬರುವುದು ಇಲ್ಲೇ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಗೆ ಇರಲಿ. ಉಳಿದವಕ್ಕೆ ಬೇಡ.

ಮೈಕ್, ಕ್ಯಾಮೆರಾ: "ಪ್ರತಿ ಸಲ ಕೇಳು" ಅಂತ ಇಡಿ. ಮೈಕ್ ಅಥವಾ ಕ್ಯಾಮೆರಾ ಬಳಕೆಯಲ್ಲಿದ್ದಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಬರುತ್ತದೆ. ಸುಮ್ನೆ ಇರುವಾಗ ಅದು ಕಂಡರೆ ಯಾವ ಆ್ಯಪ್ ಅಂತ ಒತ್ತಿ ನೋಡಿ.

ಏನನ್ನೋ ಆಫ್ ಮಾಡಿ ಆ್ಯಪ್ ಕೆಲಸ ನಿಲ್ಲಿಸಿದರೆ ಗಾಬರಿ ಬೇಡ. ಅದು ಮತ್ತೆ ಕೇಳುತ್ತದೆ, ಆಗ ಕೊಡಿ. ಹಾಳಾಗುವಂಥದ್ದು ಏನೂ ಇಲ್ಲ.

3. ಜಾಹೀರಾತಿನ ಗುರುತು ಸಂಖ್ಯೆ ಅಳಿಸಿ

ಇದು ಅರ್ಧ ನಿಮಿಷದ ಕೆಲಸ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಗೂಗಲ್, ಆ್ಯಡ್ಸ್, ಡಿಲೀಟ್ ಅಡ್ವರ್ಟೈಸಿಂಗ್ ಐಡಿ. ಕೆಲವು ಫೋನಿನಲ್ಲಿ ಪ್ರೈವೆಸಿಯ ಒಳಗೇ ಆ್ಯಡ್ಸ್ ಇರುತ್ತದೆ. ಐಫೋನ್ ಆದರೆ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ, ಟ್ರ್ಯಾಕಿಂಗ್. ಅಲ್ಲಿ "ಅಲೋ ಆ್ಯಪ್ಸ್ ಟು ರಿಕ್ವೆಸ್ಟ್ ಟು ಟ್ರ್ಯಾಕ್" ಆಫ್ ಮಾಡಿ. 2021ರ ಏಪ್ರಿಲ್‌ನಿಂದ ಐಫೋನ್‌ನಲ್ಲಿ ಆ್ಯಪ್‌ಗಳು ಹೀಗೆ ಕೇಳಿಯೇ ಹಿಂಬಾಲಿಸಬೇಕು.

ಇದಾದ ಮೇಲೆ ಜಾಹೀರಾತು ಕಡಿಮೆ ಆಗುವುದಿಲ್ಲ. ನಿಮಗೆ ಸಂಬಂಧ ಇಲ್ಲದ ಜಾಹೀರಾತು ಬರುತ್ತದೆ. ಕಳೆ ಮಿಷನ್ ಬದಲು ನೇಲ್ ಪಾಲಿಶ್ ಬಂದರೆ ಕೆಲಸ ಆಗಿದೆ ಅಂತ ತಿಳಿಯಿರಿ.

4. ಗೂಗಲ್ ಬರೆದಿಟ್ಟ ಡೈರಿ ಓದಿ

ಬ್ರೌಸರ್‌ನಲ್ಲಿ ಮೈ ಆ್ಯಕ್ಟಿವಿಟಿ ಡಾಟ್ ಗೂಗಲ್ ಡಾಟ್ ಕಾಮ್ ತೆರೆಯಿರಿ. ಅಥವಾ ಫೋನಿನ ಗೂಗಲ್ ಖಾತೆಯಲ್ಲಿ "ಡೇಟಾ ಆ್ಯಂಡ್ ಪ್ರೈವೆಸಿ" ಒತ್ತಿ. ಏನನ್ನೂ ಅಳಿಸುವ ಮೊದಲು ಐದು ನಿಮಿಷ ಸುಮ್ಮನೆ ಓದಿ.

ನನ್ನದರಲ್ಲಿ ಒಂದು ಬೆಳಿಗ್ಗೆಯ ಪುಟ ಹೀಗಿತ್ತು. ಆರು ಗಂಟೆ ಹತ್ತು ನಿಮಿಷ, ಕಾಳುಮೆಣಸಿನ ಇವತ್ತಿನ ರೇಟು. ಆರು ಹದಿನಾಲ್ಕು, ಮಂಡಿ ನೋವಿಗೆ ಯಾವ ಎಣ್ಣೆ. ಆರು ಇಪ್ಪತ್ತು, ಚಿನ್ನದ ಸಾಲಕ್ಕೆ ಬಡ್ಡಿ ಎಷ್ಟು. ಹತ್ತೇ ನಿಮಿಷ. ಆದರೆ ತೋಟ ಇದೆ, ವಯಸ್ಸಾಗುತ್ತಿದೆ, ಕೈಯಲ್ಲಿ ದುಡ್ಡಿಲ್ಲ ಎಂಬ ಮೂರೂ ವಿಷಯ ಅದರಲ್ಲಿ ಇದ್ದವು. ನನ್ನ ಹೆಂಡತಿಗೂ ನಾನು ಹೇಳಿರದ ಒಂದು ಅದರಲ್ಲಿತ್ತು.

ಈಗ "ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ"ಗೆ ಹೋಗಿ. ಪೂರ್ತಿ ಆಫ್ ಮಾಡಬಹುದು. ಹುಡುಕಿದ್ದು ಸ್ವಲ್ಪ ದಿನ ನೆನಪಿರಲಿ ಅನ್ನುವವರು "ಆಟೊ ಡಿಲೀಟ್" ಆರಿಸಿ. 3, 18 ಅಥವಾ 36 ತಿಂಗಳು ಅಂತ ಕೇಳುತ್ತದೆ. 3 ಸಾಕು. ಯೂಟ್ಯೂಬ್ ಹಿಸ್ಟರಿಗೂ ಅದೇ ಪುಟದಲ್ಲಿ ಬೇರೆ ಸ್ವಿಚ್ ಇದೆ. ಟೈಮ್‌ಲೈನ್ ಅಂದರೆ ನೀವು ಓಡಾಡಿದ ಜಾಗಗಳ ದಾಖಲೆ. ಅದನ್ನು ಆಫ್ ಮಾಡಿ.

ಎಡವುವ ಜಾಗ ಒಂದು: ಲೊಕೇಶನ್ ದಾಖಲೆ ಒಂದನ್ನೇ ನಿಲ್ಲಿಸಿ ಮುಗಿಯಿತು ಅಂದುಕೊಳ್ಳುವುದು. "ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ" ಆನ್ ಇದ್ದರೆ ಅದರಲ್ಲೂ ಜಾಗದ ಮಾಹಿತಿ ಸೇರುತ್ತಿತ್ತು. ಜನರನ್ನು ಹೀಗೆ ದಾರಿ ತಪ್ಪಿಸಿದ್ದಾರೆ ಎಂಬ ದೂರಿನ ಮೇಲೆ ಅಮೆರಿಕದ 40 ರಾಜ್ಯಗಳಿಗೆ ಗೂಗಲ್ 2022ರ ನವೆಂಬರ್‌ನಲ್ಲಿ 39 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡಿತು. ಹಾಗಾಗಿ ಎರಡನ್ನೂ ನೋಡಿ.

ಎಡವುವ ಜಾಗ ಎರಡು: ಇನ್‌ಕಾಗ್ನಿಟೊ, ಅಂದರೆ ನೋಡಿದ್ದರ ಪಟ್ಟಿ ಫೋನಿನಲ್ಲಿ ಉಳಿಯದಂತೆ ಬ್ರೌಸರ್‌ನಲ್ಲಿ ತೆರೆಯುವ ಕಿಟಕಿ. ಕಪ್ಪು ಪರದೆ, ಟೊಪ್ಪಿ-ಕನ್ನಡಕದ ಚಿತ್ರ ನೋಡಿ ಏನೋ ಮರೆಯಲ್ಲಿದ್ದೇವೆ ಅನ್ನಿಸುತ್ತದೆ. ಅದು ಮರೆಮಾಡುವುದು ನಿಮ್ಮ ಫೋನನ್ನು ಆಮೇಲೆ ತೆಗೆದುಕೊಳ್ಳುವ ಮನೆಯವರಿಂದ ಮಾತ್ರ. ನೀವು ಹೋದ ವೆಬ್‌ಸೈಟಿಗೆ ಅಲ್ಲಿ ನೀವು ಮಾಡಿದ್ದು, ನೆಟ್ ಕೊಡುವ ಕಂಪನಿಗೆ ಯಾವ ವೆಬ್‌ಸೈಟಿಗೆ ಹೋದಿರಿ ಎಂಬುದು ಕಾಣುತ್ತದೆ. ಈ ವಿಷಯಕ್ಕೂ ಅಮೆರಿಕದಲ್ಲಿ 2020ರಲ್ಲಿ ಕೇಸು ಬಿತ್ತು, 2024ರಲ್ಲಿ ಗೂಗಲ್ ಹಳೆಯ ದಾಖಲೆ ಅಳಿಸಲು ಒಪ್ಪಿತು.

5. ಬ್ರೌಸರ್ ಬದಲಿಸಿ

ಆಂಡ್ರಾಯ್ಡ್ ಫೋನಿನಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಹಾಕಿಕೊಳ್ಳಿ. ಅದರ ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲಿ ಯುಬ್ಲಾಕ್ ಆರಿಜಿನ್ ಸೇರಿಸಿ. ಎಕ್ಸ್‌ಟೆನ್ಶನ್ ಅಂದರೆ ಬ್ರೌಸರ್‌ಗೆ ಅಂಟಿಸುವ ಸಣ್ಣ ಉಪಕರಣ. ಇದು ಜಾಹೀರಾತು ಮತ್ತು ಹಿಂಬಾಲಿಸುವ ಕುಕಿಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಪುಟ ಬೇಗ ತೆರೆಯುತ್ತದೆ. ಕೊಟ್ಟಿಗೆಹಾರದ ಆಚೆ ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ.

ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಕಂಪನಿಯ ಒಡೆತನ ಲಾಭಕ್ಕಾಗಿ ಇರದ ಒಂದು ಪ್ರತಿಷ್ಠಾನದ್ದು. ಆದರೂ ಅದರ ಆದಾಯದ ದೊಡ್ಡ ಪಾಲು ಬರುವುದು ಗೂಗಲ್‌ನಿಂದಲೇ, ಗೂಗಲ್ ಸರ್ಚ್ ಅನ್ನು ಅದರಲ್ಲಿ ಇಟ್ಟುಕೊಂಡಿದ್ದಕ್ಕೆ. ಈ ಲೋಕದಲ್ಲಿ ಪೂರ್ತಿ ಮಡಿ ಯಾರೂ ಇಲ್ಲ.

ಕುಕಿ ಕೇಳುವ ಪೆಟ್ಟಿಗೆ ಬಂದಾಗ "ಅಕ್ಸೆಪ್ಟ್ ಆಲ್" ದೊಡ್ಡದಾಗಿ ಹೊಳೆಯುತ್ತಿರುತ್ತದೆ. "ರಿಜೆಕ್ಟ್" ಮಾಸಲು ಬಣ್ಣದಲ್ಲಿ ಮೂಲೆಯಲ್ಲಿ ಇರುತ್ತದೆ. ಮೂಲೆಯದನ್ನೇ ಒತ್ತಿ.

ಪುಕ್ಕಟೆ ವಿಪಿಎನ್ ಹಾಕಿಕೊಳ್ಳಬೇಡಿ. ವಿಪಿಎನ್ ಅಂದರೆ ನಿಮ್ಮ ನೆಟ್ ಓಡಾಟವನ್ನೆಲ್ಲ ಇನ್ನೊಬ್ಬರ ಕಂಪ್ಯೂಟರ್ ಮೂಲಕ ಹಾಯಿಸುವುದು. ಆ ಇನ್ನೊಬ್ಬ ಯಾರು, ಅವನಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

6. ನಂಬರ್, ಆಧಾರ್ ಕೊಡುವ ಮೊದಲು

ಬಟ್ಟೆ ಅಂಗಡಿಯಲ್ಲಿ, ಸೂಪರ್ ಮಾರ್ಕೆಟ್‌ನಲ್ಲಿ "ನಂಬರ್ ಹೇಳಿ ಸಾರ್" ಅಂದಾಗ ನಾವು ಯೋಚಿಸದೆ ಹತ್ತಂಕಿ ಹೇಳಿಬಿಡುತ್ತೇವೆ. ನಾನೂ ಒಮ್ಮೆ ಒಂದು ರೇನ್‌ಕೋಟ್‌ಗೆ ನಂಬರ್ ಕೊಟ್ಟು ಎರಡು ಮಳೆಗಾಲ ಮೆಸೇಜ್ ತಿಂದಿದ್ದೇನೆ. ರೇನ್‌ಕೋಟ್ ಒಂದೇ ಮಳೆಗಾಲಕ್ಕೆ ಹರಿಯಿತು. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಅಂತ ಅಂಗಡಿಯವರು ಹಟ ಮಾಡಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚನೆ ಕೊಟ್ಟಿದೆ. "ನಂಬರ್ ಬೇಡ, ಪೇಪರ್ ಬಿಲ್ ಕೊಡಿ" ಅನ್ನಿ. ನಗುತ್ತಾ ಹೇಳಿದರೆ ಸಾಕು, ಆಗುತ್ತದೆ.

ಈಗಾಗಲೇ ಬರುತ್ತಿರುವ ಜಾಹೀರಾತು ಕರೆಗಳಿಗೆ 1909ಕ್ಕೆ ಕರೆ ಮಾಡಿ ಡಿಎನ್‌ಡಿ (ಜಾಹೀರಾತು ಕರೆ ಬೇಡ ಅನ್ನುವ ನೋಂದಣಿ) ಹಾಕಿಸಿ. ಬ್ಯಾಂಕಿನ ಓಟಿಪಿ, ಖಾತೆಯ ಮೆಸೇಜ್‌ಗಳು ಇದರಿಂದ ನಿಲ್ಲುವುದಿಲ್ಲ. ಹಾಗೆಯೇ ಕೇಂದ್ರದ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣಕ್ಕೆ ಹೋಗಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು.

ಆಧಾರ್ ವಿಷಯದಲ್ಲಿ "ಮಾಸ್ಕ್ಡ್ ಆಧಾರ್" ಬಳಸಿ. 12 ಅಂಕಿಯಲ್ಲಿ ಮೊದಲ ಎಂಟು ಮುಚ್ಚಿ, ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಅದು. ಮೈ ಆಧಾರ್ ಜಾಲತಾಣದಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಬೇಕೇ ಅಂತ ಒಂದು ಚೌಕ ಇರುತ್ತದೆ, ಅದನ್ನು ಟಿಕ್ ಮಾಡಿ. ಫೈಲ್ ತೆರೆಯಲು ಪಾಸ್‌ವರ್ಡ್: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ. ಇಲ್ಲೇ ತುಂಬ ಜನ ಸಿಕ್ಕಿಹಾಕಿಕೊಳ್ಳುವುದು. ಹೆಸರು ಆಧಾರ್‌ನಲ್ಲಿ ಇರುವ ಸ್ಪೆಲ್ಲಿಂಗ್‌ನಲ್ಲೇ ಇರಬೇಕು. ಇನಿಷಿಯಲ್ ಮೊದಲು ಇದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆಸಿದರೆ ಆ ಕಂಪ್ಯೂಟರ್‌ನಿಂದ ಫೈಲ್ ಅಳಿಸಿಯೇ ಬನ್ನಿ.

ಆನ್‌ಲೈನ್ ಮೋಸದಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ನಾಳೆ ಹೋದರಾಯ್ತು ಅಂತ ಕೂರಬೇಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆದರೆ ಉಳಿಯಬಹುದು.

7. ದುಡ್ಡು ಕೊಟ್ಟರೆ ತಪ್ಪುತ್ತಾ?

ಈಗ ನೋಟ್‌ಬುಕ್ ತೆಗೆಯಿರಿ. ಮೇಲಿಂದ ಕೆಳಗೆ ಎರಡು ಗೆರೆ ಎಳೆದು ಪುಟವನ್ನು ಮೂರು ಉದ್ದ ಸಾಲು ಮಾಡಿ. ಮೊದಲ ಸಾಲಿನಲ್ಲಿ ನೀವು ದಿನಾ ಬಳಸುವ ಐದಾರು ಸೇವೆ. ಎರಡನೆಯದರಲ್ಲಿ ಅದು ಈಗ ಎಲ್ಲಿಂದ ದುಡಿಯುತ್ತದೆ: ಜಾಹೀರಾತೋ, ದೇಣಿಗೆಯೋ, ಚಂದಾವೋ. ಮೂರನೆಯದರಲ್ಲಿ ಅದಿಲ್ಲದಿದ್ದರೆ ನಿಮಗೆ ಎಷ್ಟು ಕಷ್ಟ. ಬರೆಯದೆ ತಲೆಯಲ್ಲೇ ಲೆಕ್ಕ ಹಾಕಿದರೆ ಈ ಹಂತ ಕೆಲಸಕ್ಕೆ ಬರುವುದಿಲ್ಲ.

ಯೂಟ್ಯೂಬ್ ನೋಡೋಣ. 2024ರ ಆಗಸ್ಟ್‌ನಲ್ಲಿ ಇಲ್ಲಿ ಪ್ರೀಮಿಯಂ ಚಂದಾ ತಿಂಗಳಿಗೆ 129ರಿಂದ 149 ರೂಪಾಯಿಗೆ ಏರಿತು. ಮೇಲೆ ಹೇಳಿದ ಫೇಸ್‌ಬುಕ್‌ನ ನೂರೈವತ್ತು ನೆನಪಿದೆಯಾ? ಬೇರೆ ಕಂಪನಿ, ಬೇರೆ ಲೆಕ್ಕ, ಆದರೂ ಒಬ್ಬರ ತಿಂಗಳ ಬೆಲೆ ಅಲ್ಲೇ ಸುತ್ತುತ್ತಿದೆ. ಇಷ್ಟು ಕೊಟ್ಟರೆ ಜಾಹೀರಾತು ಹೋಗುತ್ತದೆ. ನೀವು ಏನು ನೋಡಿದಿರಿ ಎಂಬ ದಾಖಲೆ ಹೋಗುವುದಿಲ್ಲ. ಅದಕ್ಕೆ ನಾಲ್ಕನೇ ಹಂತದ ಸ್ವಿಚ್ಚೇ ಬೇಕು. ದುಡ್ಡು ಕೊಟ್ಟವರು ತಪ್ಪಾಗಿ ತಿಳಿಯುವುದು ಇದನ್ನೇ. ಹೆಚ್ಚಿನ ಕಡೆ ನೀವು ಕೊಳ್ಳುವುದು ನೆಮ್ಮದಿಯನ್ನು, ಗುಟ್ಟನ್ನಲ್ಲ. ಜಿಮೇಲ್‌ಗೂ ಹಾಗೇ. 15 ಜಿಬಿ ಪುಕ್ಕಟೆ ಜಾಗ ತುಂಬಿತೆಂದು ದುಡ್ಡು ಕೊಟ್ಟರೆ ಜಾಗ ಸಿಗುತ್ತದೆ, ಅಷ್ಟೇ. ಜಾಹೀರಾತಿಗಾಗಿ ಮೇಲ್‌ಗಳನ್ನು ಓದುವುದನ್ನು ಗೂಗಲ್ 2017ರಲ್ಲೇ ಪುಕ್ಕಟೆಯವರಿಗೂ ನಿಲ್ಲಿಸುವುದಾಗಿ ಹೇಳಿತ್ತು.

ವಾಟ್ಸ್‌ಆ್ಯಪ್ ಕತೆ ಸ್ವಾರಸ್ಯವಾಗಿದೆ. ಶುರುವಿನ ವರ್ಷಗಳಲ್ಲಿ ಅದು ವರ್ಷಕ್ಕೆ ಒಂದು ಡಾಲರ್ ಕೇಳುತ್ತಿತ್ತು. ಜಾಹೀರಾತು ಇಲ್ಲ ಅನ್ನುವುದೇ ಅದರ ಹೆಮ್ಮೆ. 2014ರಲ್ಲಿ ಫೇಸ್‌ಬುಕ್ ಕೊಂಡಿತು, 2016ರ ಜನವರಿಯಲ್ಲಿ ಆ ಒಂದು ಡಾಲರ್ ಬೇಡ ಅಂತು. 2021ರಲ್ಲಿ ಮಾಹಿತಿ ಹಂಚಿಕೆಯ ಹೊಸ ಷರತ್ತು ಬಂತು. ಆ ಷರತ್ತಿನ ವಿಷಯಕ್ಕೆ ನಮ್ಮ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) 213 ಕೋಟಿ ರೂಪಾಯಿ ದಂಡ ಹಾಕಿತು. 2025ರ ಜೂನ್‌ನಲ್ಲಿ ಅಪ್‌ಡೇಟ್ಸ್ ಟ್ಯಾಬ್‌ನಲ್ಲಿ ಜಾಹೀರಾತು ಹಾಕುವುದಾಗಿ ಕಂಪನಿ ಹೇಳಿತು. ಆ ಒಂದು ಡಾಲರ್ ಎಷ್ಟು ಸೋವಿ ಇತ್ತು ಅಂತ ಈಗ ಅನ್ನಿಸುತ್ತದೆ.

ನಿಮ್ಮ ಮೆಸೇಜಿನ ಒಳಗಿರುವುದನ್ನು ವಾಟ್ಸ್‌ಆ್ಯಪ್ ಓದಲು ಆಗುವುದಿಲ್ಲ, ಅದಕ್ಕೆ ಬೀಗ ಇದೆ. ಯಾರ ಜೊತೆ, ಯಾವಾಗ, ಎಷ್ಟು ಸಲ ಮಾತಾಡಿದಿರಿ ಎಂಬುದು ಬೀಗದ ಹೊರಗಿನ ಮಾತು. ಸಿಗ್ನಲ್ ಅನ್ನುವ ಆ್ಯಪ್ ಇದನ್ನೂ ಆದಷ್ಟು ಇಟ್ಟುಕೊಳ್ಳುವುದಿಲ್ಲ, ನಡೆಯುವುದು ದೇಣಿಗೆಯಿಂದ. ಅದನ್ನು ನಡೆಸಲು 2025ರ ಹೊತ್ತಿಗೆ ವರ್ಷಕ್ಕೆ ಸುಮಾರು 5 ಕೋಟಿ ಡಾಲರ್ ಬೇಕಾಗುತ್ತದೆ ಎಂದು 2023ರಲ್ಲಿ ಅವರೇ ಲೆಕ್ಕ ಬಿಚ್ಚಿಟ್ಟಿದ್ದರು. ಹಾಗಂತ ನಾನು ವಾಟ್ಸ್‌ಆ್ಯಪ್ ಬಿಡಿ ಅನ್ನುವುದಿಲ್ಲ. ಕಾಫಿ ರೇಟ್ ಗ್ರೂಪು, ಸಂಘದ ಗ್ರೂಪು, ಶಾಲೆಯ ಗ್ರೂಪು ಎಲ್ಲ ಅಲ್ಲೇ ಇವೆ. ಮನೆಯ ನಾಲ್ಕು ಜನ ಸಿಗ್ನಲ್‌ನಲ್ಲಿ ಇರಿ, ಊರ ಮಾತು ವಾಟ್ಸ್‌ಆ್ಯಪ್‌ನಲ್ಲಿ ಇರಲಿ.

"ಫೇಸ್‌ಬುಕ್‌ಗೂ ದುಡ್ಡು ಕೊಡ್ತೇನೆ, ಬಿಟ್ಟುಬಿಡಲಿ" ಅನ್ನುವವರಿಗೆ: ಯುರೋಪಿನಲ್ಲಿ ಮೆಟಾ 2023ರ ನವೆಂಬರ್‌ನಿಂದ ಇಂಥ ಚಂದಾ ಶುರುಮಾಡಿತು, ತಿಂಗಳಿಗೆ 9.99 ಯೂರೊದಿಂದ. ದುಡ್ಡು ಕೊಡಿ, ಇಲ್ಲವೇ ಹಿಂಬಾಲಿಸಲು ಒಪ್ಪಿ. ಇದು ನಿಜವಾದ ಆಯ್ಕೆ ಅಲ್ಲ ಎಂದು ಯುರೋಪಿಯನ್ ಕಮಿಷನ್ 2025ರ ಏಪ್ರಿಲ್‌ನಲ್ಲಿ 20 ಕೋಟಿ ಯೂರೊ ದಂಡ ಹಾಕಿತು. ಖಾಸಗಿತನ ಅನ್ನುವುದು ದುಡ್ಡಿದ್ದವರ ಸೌಲಭ್ಯ ಆಗಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು.

ಹಾಗಾದರೆ ಯಾರಿಗೆ ಕೊಡಬೇಕು? ನನ್ನ ನೋಟ್‌ಬುಕ್‌ನಲ್ಲಿ ಮೊದಲ ಹೆಸರು ಕನ್ನಡದಲ್ಲಿ ಬರೆಯುವವರದು. ಐದನೇ ಹಂತದಲ್ಲಿ ನಾವು ಜಾಹೀರಾತು ತಡೆದೆವಲ್ಲ, ಅದರ ಪೆಟ್ಟು ದೊಡ್ಡ ಕಂಪನಿಗಿಂತ ಜಾಸ್ತಿ ತಾಗುವುದು ಸಣ್ಣ ಕನ್ನಡ ಜಾಲತಾಣಗಳಿಗೆ, ಪತ್ರಿಕೆಗಳಿಗೆ. ನೀವು ವಾರಕ್ಕೆ ಮೂರು ಸಲ ಓದುವ ಯಾವುದಾದರೂ ಒಂದಕ್ಕೆ ಚಂದಾ ಕಟ್ಟಿ. ಚಂದಾ ಇಲ್ಲದಿದ್ದರೆ ಯುಬ್ಲಾಕ್‌ನ ಗುಂಡಿ ಒತ್ತಿ ಆ ಒಂದು ಜಾಲತಾಣಕ್ಕೆ ಜಾಹೀರಾತು ಬಿಡಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಒಂದೂ ಜಾಹೀರಾತಿಲ್ಲ. ಅದಕ್ಕೆ ದುಡ್ಡಿಗಿಂತ ನಿಮ್ಮ ಊರಿನ ಬಗ್ಗೆ ಒಂದು ಪುಟ ಬರೆದುಕೊಟ್ಟರೆ ಹೆಚ್ಚು ಉಪಕಾರ.

ಚಂದಾ ಕಟ್ಟುವಾಗ ಎಡವುವ ಜಾಗಗಳು:

"ಮೊದಲ ತಿಂಗಳು 1 ರೂಪಾಯಿ" ಅಂದಲ್ಲಿ ಆಟೊಪೇ ಇದ್ದೇ ಇರುತ್ತದೆ. ಆಟೊಪೇ ಅಂದರೆ ಪ್ರತಿ ತಿಂಗಳು ತಾನಾಗಿ ದುಡ್ಡು ಎಳೆದುಕೊಳ್ಳಲು ನೀವು ಕೊಟ್ಟ ಒಪ್ಪಿಗೆ. 15,000 ರೂಪಾಯಿವರೆಗೆ ಪ್ರತಿ ಸಲ ಓಟಿಪಿ ಕೇಳುವುದಿಲ್ಲ. ಆದರೆ ಎಳೆಯುವ 24 ಗಂಟೆ ಮೊದಲು ನಿಮಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ. ಆ ಮೆಸೇಜನ್ನು ಜಾಹೀರಾತು ಅಂತ ತಳ್ಳಬೇಡಿ, ಓದಿ.

ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ! ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ "ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಶನ್ಸ್" ನೋಡಿ. ಜೊತೆಗೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೊಪೇ ಅಥವಾ ಮ್ಯಾಂಡೇಟ್ ಎಂಬ ವಿಭಾಗ ತೆರೆದು ಬೇಡದ್ದನ್ನು ರದ್ದು ಮಾಡಿ. ಮೂರು ವರ್ಷದ ಹಿಂದೆ ಕ್ರಿಕೆಟ್ ನೋಡಲು ಹಾಕಿದ್ದು ಇನ್ನೂ ದುಡ್ಡು ಎಳೆಯುತ್ತಿರುವುದನ್ನು ನಾನು ಎಷ್ಟೋ ಮನೆಯಲ್ಲಿ ಕಂಡಿದ್ದೇನೆ.

ಸೇರುವುದು ಒಂದೇ ಒತ್ತಿಗೆ, ಬಿಡುವುದಕ್ಕೆ ಹತ್ತು ಪುಟ ಅಂತ ಇದ್ದರೆ ಅದಕ್ಕೆ "ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್" ಅಂತ ಹೆಸರೇ ಇದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ಮೋಸದ ವಿನ್ಯಾಸಗಳಲ್ಲಿ ಇದೂ ಒಂದು. 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

8. ನಿಮ್ಮ ಹತ್ತಿರ ಇರುವ ಬೇರೆಯವರ ಮಾಹಿತಿ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಈ ಕಾಯ್ದೆ ದೊಡ್ಡ ಕಂಪನಿಗಳಿಗೆ ಮಾತ್ರ ಅಂತ ಹೋಮ್‌ಸ್ಟೇಯವರು ಅಂದುಕೊಂಡಿದ್ದಾರೆ. ವ್ಯಾಪಾರಕ್ಕಾಗಿ ಬೇರೆಯವರ ಮಾಹಿತಿಯನ್ನು ಫೋನಿನಲ್ಲಿ ಇಟ್ಟುಕೊಂಡಿದ್ದರೆ ನಿಮಗೂ ಹೊಣೆ ಇದೆ. ಕಳೆದ ಸೀಸನ್‌ನಲ್ಲಿ ಮುಳ್ಳಯ್ಯನಗಿರಿ ನೋಡಲು ಬಂದು ನಿಮ್ಮಲ್ಲಿ ಉಳಿದವರೆಲ್ಲರ ಆಧಾರ್ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಅಲ್ಲಿಂದ ಗ್ಯಾಲರಿಗೆ ಹೋಗಿದೆ. ಬ್ಯಾಕಪ್ ಆನ್ ಇದ್ದರೆ ಗೂಗಲ್ ಫೋಟೋಸ್‌ಗೂ ಹೋಗಿದೆ. ಆ ಫೋನನ್ನು ಮಕ್ಕಳು ಆಟಕ್ಕೂ ತೆಗೆದುಕೊಳ್ಳುತ್ತಾರೆ.

ಮುಂದೆ ಬುಕ್ ಮಾಡುವವರಿಗೆ ಮಾಸ್ಕ್ಡ್ ಆಧಾರ್ ಕಳಿಸಿ ಅಂತ ನೀವೇ ಹೇಳಿ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಚಾಟ್ಸ್‌ನಲ್ಲಿ "ಮೀಡಿಯಾ ವಿಸಿಬಿಲಿಟಿ" ಆಫ್ ಮಾಡಿದರೆ ಬಂದ ಫೋಟೊ ಗ್ಯಾಲರಿಗೆ ಇಳಿಯುವುದಿಲ್ಲ. ಕಾನೂನಿಗೆ ಬೇಕಾದ ವಿವರವನ್ನು ರಿಜಿಸ್ಟರ್‌ನಲ್ಲಿ ಬರೆದುಕೊಂಡ ಮೇಲೆ ಫೋಟೊ ಅಳಿಸಿ. ಹಳೆಯವನ್ನು ಇವತ್ತೇ ಹುಡುಕಿ ಅಳಿಸಿ: ಚಾಟ್‌ನಿಂದ, ಗ್ಯಾಲರಿಯಿಂದ, ಗೂಗಲ್ ಫೋಟೋಸ್‌ನಿಂದ. ಅಳಿಸಿದ ಮೇಲೆ ಟ್ರ್ಯಾಶ್ ತೆರೆದು ಅದನ್ನೂ ಖಾಲಿ ಮಾಡಿ. ಇಲ್ಲದಿದ್ದರೆ ಬ್ಯಾಕಪ್ ಆದ ಫೋಟೊಗಳು ಇನ್ನೂ 60 ದಿನ ಅಲ್ಲೇ ಕೂತಿರುತ್ತವೆ.